ವೇಬ್ರಿಡ್ಜ್ ರೂಮಿನ ಹಳೇ ಕಂಪ್ಯೂಟರ್ ಮತ್ತು ಒಂದೊಂದಾಗಿ ಸತ್ತ ಪೋರ್ಟುಗಳು

ಹಳೇ ಕಂಪ್ಯೂಟರಿನಲ್ಲಿ ಒಂದು ಪೋರ್ಟ್ ಕೈಕೊಟ್ಟರೆ ಜನ ಎರಡೇ ಮಾತು ಹೇಳುತ್ತಾರೆ. ಪಕ್ಕದ ಪೋರ್ಟಿಗೆ ಹಾಕಿ ನೋಡಿ ಅನ್ನುವುದು ಒಂದು. ಬೋರ್ಡ್ (ಒಳಗಿನ ಮದರ್‌ಬೋರ್ಡ್) ಹೋಗಿದೆ, ಹೊಸದು ತಗೊಳ್ಳಿ ಅನ್ನುವುದು ಇನ್ನೊಂದು. ಈ ಎರಡು ಮಾತಿನ ನಡುವೆ ನೋಡಬೇಕಾದದ್ದು ಬೇಕಾದಷ್ಟಿದೆ. ಅದನ್ನು ಬರೆದಿಡೋಣ ಅಂತ ಕೂತಿದ್ದೇನೆ.

ನಾನು ಕಾರಟಗಿ ಹತ್ತಿರದ ಒಂದು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಗಾಡಿಯನ್ನು ಲೋಡ್ ಸಮೇತ ತೂಗುವ ವೇಬ್ರಿಡ್ಜಿನ ರೂಮೂ ನನ್ನ ಕೈಯಲ್ಲೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿಯುವ ಸೀಮೆ ನಮ್ಮದು. ಸುಗ್ಗಿ ಬಂತೆಂದರೆ ಗಂಗಾವತಿಯಿಂದ ಸಿಂಧನೂರಿನವರೆಗೆ ರಸ್ತೆ ತುಂಬ ಭತ್ತದ ಟ್ರ್ಯಾಕ್ಟರುಗಳೇ. ಅವು ಮಿಲ್ಲಿನ ಗೇಟು ದಾಟಿದ ಮೇಲೆ ಮೊದಲು ಬಂದು ನಿಲ್ಲುವುದು ನನ್ನ ಕಿಟಕಿಯ ಎದುರಿಗೆ, ವೇಬ್ರಿಡ್ಜಿನ ಮೇಲೆ.

ತೂಕ ಹೇಗೆ ಬರುತ್ತದೆ ಅಂತ ಮೊದಲು ಹೇಳಿಬಿಡುತ್ತೇನೆ. ಕಬ್ಬಿಣದ ಹಾಸಿನ ಕೆಳಗೆ ಭಾರ ಅಳೆಯುವ ಲೋಡ್ ಸೆಲ್‌ಗಳಿವೆ. ಅವುಗಳ ವೈರು ರೂಮಿನೊಳಗಿನ ಇಂಡಿಕೇಟರ್ ಡಬ್ಬಕ್ಕೆ ಬರುತ್ತದೆ. ಅದರ ಮೇಲೆ ಕೆಂಪು ಅಂಕಿಗಳಲ್ಲಿ ತೂಕ ಕಾಣುತ್ತದೆ. ಆ ಡಬ್ಬದಿಂದ ಒಂಬತ್ತು ಪಿನ್ನಿನ ಒಂದು ಕೇಬಲ್ ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಹೋಗುತ್ತದೆ. ಕಂಪ್ಯೂಟರ್ ಆ ತೂಕ ಓದಿ, ಗಾಡಿ ನಂಬರ್, ರೈತರ ಹೆಸರು, ಗ್ರಾಸ್ (ತುಂಬಿದ ಗಾಡಿಯ ತೂಕ), ಟೇರ್ (ಖಾಲಿ ಗಾಡಿಯದು), ನೆಟ್ (ಭತ್ತದ್ದು ಮಾತ್ರ) ಎಲ್ಲಾ ಸೇರಿಸಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಕಳಿಸುತ್ತದೆ. ಚೀಟಿ ಹೊರಗೆ ಬರುತ್ತದೆ. ಈ ದಾರಿಯಲ್ಲಿ ಯಾರ ಕೈಯೂ ತೂಕಕ್ಕೆ ತಾಗುವುದಿಲ್ಲ. ನನಗೆ ಇದು ಬಹಳ ಮುಖ್ಯ. ನಾಲ್ಕೈದು ತಿಂಗಳು ಗದ್ದೆಯಲ್ಲಿ ದುಡಿದವನ ಸಂಪಾದನೆ ಆ ನೆಟ್ ಅನ್ನುವ ಒಂದು ಸಾಲಿನಲ್ಲಿ ಇರುತ್ತದೆ.

ಸೀರಿಯಲ್ ಪೋರ್ಟ್ ಹೋದಾಗಲೂ ಇಂಡಿಕೇಟರ್ ಸರಿಯಾಗೇ ತೋರಿಸುತ್ತಿತ್ತು. ನೋಡಿಕೊಂಡು ಕೈಯಲ್ಲಿ ಬರೆದು ಕೊಡಬಹುದಿತ್ತು, ಕೊಟ್ಟೆವು ಕೂಡ. ಆದರೆ ಒಬ್ಬ ಹಿರಿಯರು ಚೀಟಿ ತಿರುಗಿಸಿ ಮುರುಗಿಸಿ ನೋಡಿ, "ಯಾಕ್ರಿ, ಈ ಸಲ ಕೈಲೆ ಬರದು ಕೊಡಾಕ ಹತ್ತೀರಿ?" ಅಂದರು. "ಮಷಿನ್ ಕೆಟ್ಟೈತ್ರಿ ಕಾಕಾ, ಬೇಕಂದ್ರ ಒಳಗ ಬಂದು ಅಂಕಿ ನೋಡ್ರಿ" ಅಂದೆ. ಅವರು ಬಂದು ನೋಡಿದರು. ಆದರೂ ಮುಖದ ಮೇಲಿನ ಅನುಮಾನ ಹೋಗಲಿಲ್ಲ. ಅವರದೇನೂ ತಪ್ಪಿಲ್ಲ. ನಾನು ಅವರ ಜಾಗದಲ್ಲಿದ್ದರೂ ಹಾಗೇ ಕೇಳುತ್ತಿದ್ದೆ.

ನಮ್ಮದು ಜಿ31 ಚಿಪ್‌ಸೆಟ್‌ನ ಬೋರ್ಡ್. ಚಿಪ್‌ಸೆಟ್ ಅಂದರೆ ಬೋರ್ಡಿನ ಕೆಲಸ ನಡೆಸುವ ಮುಖ್ಯ ಚಿಪ್ಪುಗಳು, ಇದು ಬಂದದ್ದು 2007ರಲ್ಲಿ. ಆ ಕಾಲದಲ್ಲಿ ಸೆಟ್ ಜೋಡಿಸಿಕೊಂಡವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ. ಹಿಂದೆ ನಾಲ್ಕು ಯುಎಸ್‌ಬಿ, ಒಂದು ಸೀರಿಯಲ್, ಪ್ರಿಂಟರಿನ 25 ಪಿನ್ನಿನ ಪೋರ್ಟ್, ಕೀಬೋರ್ಡ್ ಮೌಸ್‌ಗೆ ನೇರಳೆ ಹಸಿರು ಬಣ್ಣದ ಪಿಎಸ್/2 ಜೋಡಿ. ಮುಂದೆ ಎರಡು ಯುಎಸ್‌ಬಿ. ಒಳಗೆ ಓಡುವುದು ವಿಂಡೋಸ್ ಎಕ್ಸ್‌ಪಿ. ಅದರ ಬೆಂಬಲ 2014ರ ಏಪ್ರಿಲ್‌ನಲ್ಲೇ ನಿಂತಿತು. ಹಾಗಾಗಿ ಈ ಮಷಿನ್‌ಗೆ ನಾನು ಇಂಟರ್ನೆಟ್ ಕೊಟ್ಟೇ ಇಲ್ಲ. ತೂಕದ ಸಾಫ್ಟ್‌ವೇರ್ ಎಕ್ಸ್‌ಪಿ ಕಾಲದ್ದು. ಹೊಸ ವಿಂಡೋಸ್‌ನಲ್ಲಿ ಅದು ಏಳುವುದಿಲ್ಲ. ಈಗ ಅಂಗಡಿಯಲ್ಲಿ ಸಿಗುವ ಬಹುಪಾಲು ಕಂಪ್ಯೂಟರುಗಳಲ್ಲಿ ಸೀರಿಯಲ್ ಪೋರ್ಟೂ ಇಲ್ಲ, ಪ್ರಿಂಟರ್ ಪೋರ್ಟೂ ಇಲ್ಲ. ಹೊಸ ಸೆಟ್ ತಂದಿಟ್ಟರೆ ಕೆಲಸ ಮುಗಿಯುವುದಿಲ್ಲ, ಶುರುವಾಗುತ್ತದೆ.

ಮೊದಲು ಹೋದದ್ದು ಯುಎಸ್‌ಬಿ. ಮುಂದಿನ ಎರಡು ಹೋದವು. ಆಮೇಲೆ ಹಿಂದಿನ ನಾಲ್ಕರಲ್ಲಿ ಒಂದು ಜೋಡಿ ಹೋಯಿತು.

ಎಷ್ಟು ಪೋರ್ಟ್ ಒಟ್ಟಿಗೆ ಹೋಗಿವೆ ಅನ್ನುವುದನ್ನು ಮೊದಲು ಗಮನಿಸಬೇಕು. ಒಂದೇ ಹೋಗಿದ್ದರೆ ತೊಂದರೆ ಬಹುತೇಕ ಆ ಪೋರ್ಟಿನದೇ. ಕಸ ತುಂಬಿರುತ್ತದೆ, ಇಲ್ಲವೇ ತಗಡು ಬಾಗಿರುತ್ತದೆ, ಇಲ್ಲವೇ ಬೆಸುಗೆ ಬಿಟ್ಟಿರುತ್ತದೆ. ಜೋಡಿಯಾಗಿ ಹೋಗಿದ್ದರೆ ಆ ಎರಡಕ್ಕೂ ಸೇರಿದ ಏನೋ ಒಂದು ಹೋಗಿದೆ ಅಂತ ಅರ್ಥ. ಜಿ31 ಬೋರ್ಡಿನಲ್ಲಿ ಯುಎಸ್‌ಬಿಯನ್ನೆಲ್ಲಾ ನೋಡಿಕೊಳ್ಳುವುದು ಐಸಿಎಚ್7 ಎಂಬ ಚಿಪ್. 5 ವೋಲ್ಟ್ ಕರೆಂಟು ಮಾತ್ರ ಪೋರ್ಟುಗಳಿಗೆ ಸಣ್ಣ ಸಣ್ಣ ಫ್ಯೂಸುಗಳ ಮೂಲಕ ಬರುತ್ತದೆ. ಎರಡು ಮೂರು ಪೋರ್ಟುಗಳಿಗೆ ಒಂದೇ ಫ್ಯೂಸ್ ಇರುವುದು ಸಾಮಾನ್ಯ. ಎಲ್ಲಾ ಪೋರ್ಟುಗಳೂ ಒಟ್ಟಿಗೇ ಹೋದರೆ ಆಗ ಚಿಪ್ ಮೇಲೆ, ಇಲ್ಲವೇ ಡ್ರೈವರ್ ಮೇಲೆ, ಅಂದರೆ ವಿಂಡೋಸ್ ಒಳಗೆ ಪೋರ್ಟುಗಳನ್ನು ನಡೆಸುವ ಸಾಫ್ಟ್‌ವೇರ್ ಮೇಲೆ ಅನುಮಾನ ಪಡಬಹುದು.

ಡ್ರೈವರಾ, ಪೋರ್ಟಾ ಅಂತ ತಿಳಿಯಲು ಸುಲಭದ ದಾರಿ ಇದೆ. ಯುಎಸ್‌ಬಿ ಕೀಬೋರ್ಡ್ ಹಾಕಿ, ಕಂಪ್ಯೂಟರ್ ಆನ್ ಮಾಡಿ, ವಿಂಡೋಸ್ ಬರುವ ಮೊದಲೇ ಬಯಾಸ್‌ಗೆ, ಅಂದರೆ ಬೋರ್ಡಿನದೇ ಸೆಟ್ಟಿಂಗ್ ಪರದೆಗೆ ಹೋಗಿ. ಅಲ್ಲಿ ಕೀಬೋರ್ಡ್ ಕೆಲಸ ಮಾಡಿದರೆ ಪೋರ್ಟ್ ಗಟ್ಟಿ ಇದೆ, ವಿಂಡೋಸ್ ಕೆಟ್ಟಿದೆ. ಡಿವೈಸ್ ಮ್ಯಾನೇಜರಿನಲ್ಲಿ ಯುಎಸ್‌ಬಿ ಕಂಟ್ರೋಲರುಗಳನ್ನೆಲ್ಲಾ ಅನ್‌ಇನ್‌ಸ್ಟಾಲ್ ಮಾಡಿ ರೀಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆದರೆ ನಿಮ್ಮ ಕೀಬೋರ್ಡ್ ಮೌಸ್ ಎರಡೂ ಯುಎಸ್‌ಬಿ ಆಗಿದ್ದರೆ ಹಾಗೆ ಮಾಡುವ ಮುಂಚೆ ಒಂದು ಪಿಎಸ್/2 ಕೀಬೋರ್ಡ್ ಹಾಕಿಕೊಳ್ಳಿ. ಇಲ್ಲದಿದ್ದರೆ ನಡುವೆ ಕೈ ಕಟ್ಟಿದಂತೆ ಆಗುತ್ತದೆ. ಪಿಎಸ್/2 ಕೀಬೋರ್ಡನ್ನು ಕಂಪ್ಯೂಟರ್ ಆನ್ ಇರುವಾಗ ಹಾಕಬಾರದು, ತೆಗೆಯಬಾರದು. ಆ ಪೋರ್ಟನ್ನು ಅದಕ್ಕಾಗಿ ಮಾಡಿಲ್ಲ.

ನಮ್ಮ ಪೋರ್ಟುಗಳಲ್ಲಿ ಬಯಾಸ್‌ನಲ್ಲೂ ಜೀವ ಇರಲಿಲ್ಲ. ಹಾಗಾಗಿ ಕೈಗೆ ಮಲ್ಟಿಮೀಟರ್ ಬಂತು.

ಕೆಟ್ಟುಹೋದ ಒಂದು ಯುಎಸ್‌ಬಿ ಮೌಸ್ ಇದ್ದರೆ ಎಸೆಯಬೇಡಿ. ಅದರ ವೈರ್ ಕತ್ತರಿಸಿದರೆ ಒಳಗೆ ನಾಲ್ಕು ಎಳೆ ಸಿಗುತ್ತವೆ. ಸಾಮಾನ್ಯವಾಗಿ ಕೆಂಪು 5 ವೋಲ್ಟ್, ಕಪ್ಪು ಗ್ರೌಂಡ್, ಬಿಳಿ ಮತ್ತು ಹಸಿರು ಡೇಟಾದವು. ನಾಲ್ಕನ್ನೂ ಒಂದಕ್ಕೊಂದು ತಾಗದಂತೆ ಬಿಡಿಸಿ, ತುದಿ ಕೆರೆದು, ಪೋರ್ಟಿಗೆ ಹಾಕಿ ಕೆಂಪು ಕಪ್ಪಿನ ನಡುವೆ ಅಳೆಯಿರಿ. 4.75ರಿಂದ 5.25ರ ಒಳಗೆ ಬರಬೇಕು. ವೋಲ್ಟೇಜ್ ಇದ್ದೂ ಏನೂ ಕಾಣಿಸದಿದ್ದರೆ ಡೇಟಾ ಗೆರೆ ಕೆಟ್ಟಿದೆ. ವೋಲ್ಟೇಜೇ ಇಲ್ಲದಿದ್ದರೆ ಫ್ಯೂಸ್ ಕಡೆ ನೋಡಬೇಕು. ನಮ್ಮಲ್ಲಿ ಹೋದ ನಾಲ್ಕು ಪೋರ್ಟಿಗೂ ವೋಲ್ಟೇಜ್ ಇರಲಿಲ್ಲ.

ಮುಂದಿನ ಪೋರ್ಟಿನೊಳಗೆ ಮೊಬೈಲ್ ಟಾರ್ಚ್ ಬಿಟ್ಟು ನೋಡಿದಾಗ ಕಾರಣ ಕಂಡಿತು. ಒಳಗಿನ ಪ್ಲಾಸ್ಟಿಕ್ ನಾಲಿಗೆ ಒಂದು ಬದಿಗೆ ಒಡೆದಿತ್ತು. ಯಾರೋ ಪೆನ್‌ಡ್ರೈವನ್ನು ತಲೆಕೆಳಗು ಹಿಡಿದು ಒತ್ತಿದ್ದಾರೆ. ಅದರ ಮೇಲಿನ ನಾಲ್ಕು ಹಿತ್ತಾಳೆ ಬಣ್ಣದ ಗೆರೆಗಳಲ್ಲಿ ತುದಿಯದು ಮೇಲೆದ್ದು, ಸುತ್ತಲಿನ ತಗಡಿಗೆ ತಾಗಿತ್ತು. ಅದು 5 ವೋಲ್ಟಿನ ಗೆರೆ, ತಗಡು ಗ್ರೌಂಡ್. ಎರಡೂ ತಾಗಿದರೆ ಶಾರ್ಟ್ ಅಲ್ವಾ? ಮೀಟರನ್ನು ಬೀಪ್ ಶಬ್ದದ ಗುರುತಿಗಿಟ್ಟು ಬೋರ್ಡ್ ಮೇಲೆ ಗೆರೆ ಹಿಡಿದು ಹೋದೆ. ಮುಂದಿನ ಎರಡಕ್ಕೂ ಹಿಂದಿನ ಆ ಜೋಡಿಗೂ ಒಂದೇ ಫ್ಯೂಸ್! ಹಿಂದಿನ ಪೋರ್ಟುಗಳಲ್ಲಿ ಯಾವ ದೋಷವೂ ಇರಲಿಲ್ಲ. ಮುಂದಿನದರ ಶಾರ್ಟ್ ಅವನ್ನೂ ಮಲಗಿಸಿತ್ತು.

ಈ ಫ್ಯೂಸು ನಮ್ಮ ಮನೆಯ ಫ್ಯೂಸಿನ ಹಾಗೆ ಸುಟ್ಟು ತುಂಡಾಗುವುದಿಲ್ಲ. ಇದನ್ನು ಪಾಲಿಫ್ಯೂಸ್ ಅನ್ನುತ್ತಾರೆ. ಕರೆಂಟ್ ಜಾಸ್ತಿ ಹರಿದರೆ ಬಿಸಿಯಾಗಿ ದಾರಿ ಕಟ್ಟುತ್ತದೆ. ಶಾರ್ಟ್ ಹೋಗಿ ತಣ್ಣಗಾದ ಮೇಲೆ ಮತ್ತೆ ದಾರಿ ಬಿಡುತ್ತದೆ. ಮುಂದಿನ ಪೋರ್ಟುಗಳ ವೈರನ್ನು ಬೋರ್ಡಿನಿಂದ ಕಿತ್ತೆ. ಪವರ್ ಕೇಬಲ್ಲನ್ನೂ ಗೋಡೆಯಿಂದ ತೆಗೆದು ಊಟಕ್ಕೆ ಹೋದೆ. ಬಂದು ಹಾಕಿದರೆ ಹಿಂದಿನ ಜೋಡಿಯಲ್ಲಿ 5 ವೋಲ್ಟ್ ಬಂದಿತ್ತು. ಮುಂದಿನ ಪೋರ್ಟುಗಳ ಆ ಸಣ್ಣ ಪಟ್ಟಿ ಬಿಡಿಯಾಗಿ ಸಿಗುತ್ತದೆ. ಹಾಕುವಾಗ ಬೋರ್ಡಿನ ಪಿನ್ ಲೆಕ್ಕ ನೋಡಿ ಹಾಕಬೇಕು. ಎರಡು ಸಾಲು, ಒಟ್ಟು ಒಂಬತ್ತು ಪಿನ್, ಒಂದು ಮೂಲೆ ಖಾಲಿ. ಒಂದು ಪಿನ್ ಅತ್ತಿತ್ತ ಆದರೂ 5 ವೋಲ್ಟ್ ಡೇಟಾ ಗೆರೆಗೆ ನುಗ್ಗುತ್ತದೆ.

ದೂಳಿನ ಬಗ್ಗೆಯೂ ಹೇಳಲೇಬೇಕು. ರೈಸ್ ಮಿಲ್ಲಿನ ದೂಳು ರಸ್ತೆಯ ದೂಳಿನಂಥದ್ದಲ್ಲ. ಉಮಿಯ ದೂಳು ಒಣಗಿದ್ದು, ಊದಿದರೆ ಹೋಗುತ್ತದೆ. ತೌಡಿನಲ್ಲಿ ಎಣ್ಣೆ ಇದೆ. ಅದು ಪೋರ್ಟಿನ ಪಿನ್ನಿಗೆ ಅಂಟಿ ಕೂತರೆ ಬ್ಲೋವರ್‌ಗೂ ಜಗ್ಗುವುದಿಲ್ಲ. ಮೊಬೈಲ್ ರಿಪೇರಿಯವರು ಬಳಸುವ ಐಸೊಪ್ರೊಪೈಲ್ ಆಲ್ಕೋಹಾಲ್ ತಂದು, ಮೆತ್ತನೆ ಬ್ರಷ್ ಅದ್ದಿ ಉಜ್ಜಬೇಕು. ಪೂರ್ತಿ ಒಣಗಿದ ಮೇಲೇ ಕರೆಂಟ್ ಕೊಡಬೇಕು. ಬಾಯಿಂದ ಊದಬೇಡಿ, ಎಂಜಲ ಹನಿ ಒಳಗೆ ಹೋಗುತ್ತದೆ.

ಯುಎಸ್‌ಬಿ ಸರಿಹೋಗಿ ನೆಮ್ಮದಿಯಾಯಿತು ಅನ್ನುವಷ್ಟರಲ್ಲಿ ಬೇಸಿಗೆ ಬೆಳೆಯ ಭತ್ತ ಬರುವ ಹೊತ್ತಿಗೆ ಸೀರಿಯಲ್ ಪೋರ್ಟ್ ಹೋಯಿತು. ಇಂಡಿಕೇಟರಿನಲ್ಲಿ ತೂಕ ಇದೆ, ಕಂಪ್ಯೂಟರ್ ಪರದೆಯ ಮೇಲೆ ಸೊನ್ನೆ. ಪೇಟೆಯಲ್ಲಿ ರಿಪೇರಿ ಅಂಗಡಿಯವರೊಬ್ಬರು ಮಷಿನ್ ತೆರೆಯದೆಯೇ, "ಬೋರ್ಡ್ ಹೋಗಿದೆ, ಈ ಕಾಲದ್ದು ಸಿಗಲ್ಲ" ಅಂದುಬಿಟ್ಟರು. ನಮ್ಮ ಸಾಹುಕಾರ್ರೂ "ಹೊಸಾದು ತಗೊಂಡ್ರಾತು ಬಿಡ್ರಿ" ಅಂದರು. ನಾನು ಸ್ವಲ್ಪ ಟೈಮ್ ಕೇಳಿದೆ.

ಸೀರಿಯಲ್ ಪೋರ್ಟ್ ಹಳೇದು ನಿಜ, ಆದರೆ ಅದರಷ್ಟು ನೇರವಾದ ಪೋರ್ಟ್ ಇನ್ನೊಂದಿಲ್ಲ. ಆರ್‌ಎಸ್-232 ಎಂಬ ಅದರ ನಿಯಮ ಬಂದದ್ದು 1960ರಲ್ಲಿ. ಈ ಒಂಬತ್ತು ಪಿನ್ನಿನ ರೂಪವನ್ನು ಐಬಿಎಂ 1984ರಲ್ಲಿ ತನ್ನ ಪಿಸಿ ಎಟಿ ಮಷಿನ್‌ನಲ್ಲಿ ಕೊಟ್ಟಿತು. ನಮ್ಮ ಇಂಡಿಕೇಟರಿನ ಕೆಲಸಕ್ಕೆ ಒಂಬತ್ತರಲ್ಲಿ ಮೂರೇ ಪಿನ್ ಸಾಕು. ಕಂಪ್ಯೂಟರ್ ಕಡೆ ಎರಡನೆಯದು ಕೇಳುವುದಕ್ಕೆ, ಮೂರನೆಯದು ಹೇಳುವುದಕ್ಕೆ, ಐದನೆಯದು ಗ್ರೌಂಡ್.

ಮೊದಲು ಕೇಬಲ್ ನೋಡಿದೆ. ರೈಸ್ ಮಿಲ್ಲೆಂದ ಮೇಲೆ ಇಲಿ ಇದ್ದದ್ದೇ. ಎರಡೂ ತುದಿಗೆ ಮೀಟರ್ ಹಿಡಿದರೆ ಬೀಪ್ ಸರಿಯಾಗಿ ಬಂತು, ಕೇಬಲ್ ಗಟ್ಟಿ. ಆಮೇಲೆ ಸೆಟ್ಟಿಂಗ್. ನಮ್ಮ ಇಂಡಿಕೇಟರ್ 2400 ಬಾಡ್ ವೇಗದಲ್ಲಿ ಕಳಿಸುತ್ತದೆ. ಕಂಪ್ಯೂಟರಿನಲ್ಲಿ ಬೇರೆ ವೇಗ ಇದ್ದರೆ ಪರದೆ ಮೇಲೆ ಹಾಳು ಮೂಳು ಅಕ್ಷರ ಬರುತ್ತವೆ. ಏನೂ ಬಾರದಿದ್ದರೆ ತೊಂದರೆ ವೇಗದ್ದಲ್ಲ. ನಮ್ಮಲ್ಲಿ ಏನೂ ಬರುತ್ತಿರಲಿಲ್ಲ.

ಆಮೇಲೆ ಪೋರ್ಟ್ ತನ್ನ ಮಾತು ತಾನೇ ಕೇಳಿಸಿಕೊಳ್ಳುತ್ತದಾ ಅನ್ನುವ ಪರೀಕ್ಷೆ. ಕೇಬಲ್ ತೆಗೆದು, ಪೋರ್ಟಿನ ಎರಡು ಮತ್ತು ಮೂರನೇ ಪಿನ್ನನ್ನು ಒಂದು ಸಣ್ಣ ವೈರಿನಿಂದ ಜೋಡಿಸಬೇಕು. ಟೈಪ್ ಮಾಡಿದ್ದನ್ನು ಪೋರ್ಟಿಗೆ ಕಳಿಸುವ ಹೈಪರ್‌ಟರ್ಮಿನಲ್ ಎಂಬ ಪ್ರೋಗ್ರಾಂ ಎಕ್ಸ್‌ಪಿಯಲ್ಲಿ ಇದ್ದೇ ಇದೆ. ಹೊಸ ವಿಂಡೋಸ್‌ನಲ್ಲಾದರೆ ಪುಟ್ಟಿ ಹಾಕಿಕೊಳ್ಳಬೇಕು. ಫ್ಲೋ ಕಂಟ್ರೋಲ್ ಬೇಡ ಅಂತ ಇಟ್ಟು, ಕಾಮ್ 1 (ವಿಂಡೋಸ್ ಈ ಸೀರಿಯಲ್ ಪೋರ್ಟಿಗೆ ಇಟ್ಟ ಹೆಸರು) ತೆರೆದು ಏನಾದರೂ ಟೈಪ್ ಮಾಡಿದರೆ ಅದೇ ಅಕ್ಷರ ವಾಪಸ್ ಬಂದು ಕಾಣಬೇಕು. ವೈರ್ ಕಿತ್ತ ಕೂಡಲೇ ಬರುವುದು ನಿಲ್ಲಬೇಕು. ನಮ್ಮದರಲ್ಲಿ ವೈರ್ ಇದ್ದರೂ ಏನೂ ಬರಲಿಲ್ಲ. ಅಲ್ಲಿಗೆ ಇಂಡಿಕೇಟರಿನ ಮೇಲಿನ ಅನುಮಾನ ಹೋಯಿತು. ಇದು ದೊಡ್ಡ ಸಮಾಧಾನ. ಆ ಡಬ್ಬಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯವರ ಸೀಲ್ ಇರುತ್ತದೆ. ಅದನ್ನು ನಾವು ಮುಟ್ಟುವ ಹಾಗೇ ಇಲ್ಲ.

ಪೋರ್ಟೇ ಹೋಗಿದೆಯಾ, ಅದಕ್ಕೆ ಬರುವ ಕರೆಂಟ್ ಹೋಗಿದೆಯಾ ಅಂತ ಇನ್ನೊಂದು ಹೆಜ್ಜೆ ಇದೆ. ಇದನ್ನು ಬಹಳ ಜನ ನೋಡುವುದಿಲ್ಲ. ಸೀರಿಯಲ್ ಪೋರ್ಟ್ ಸುಮ್ನೆ ಕೂತಿರುವಾಗ ಮೂರನೇ ಪಿನ್ನಿನಲ್ಲಿ ಮೈನಸ್ ವೋಲ್ಟೇಜ್ ಇರಬೇಕು. ನಿಯಮದ ಪ್ರಕಾರ ಮೈನಸ್ 5ರಿಂದ ಮೈನಸ್ 15ರ ಒಳಗೆ. ಹಳೇ ಬೋರ್ಡುಗಳಲ್ಲಿ ಆ ಮೈನಸ್ ಬರುವುದು ಕಂಪ್ಯೂಟರಿಗೆಲ್ಲಾ ಕರೆಂಟ್ ಹಂಚುವ ಡಬ್ಬವಾದ ಎಸ್‌ಎಂಪಿಎಸ್‌ನ ನೀಲಿ ವೈರಿನಿಂದ, ಅದು ಮೈನಸ್ 12 ವೋಲ್ಟ್. ಎಸ್‌ಎಂಪಿಎಸ್‌ನಲ್ಲಿ ಆ ಒಂದು ಗೆರೆ ಹೋಗಿದ್ದರೂ ಕಂಪ್ಯೂಟರ್ ಆರಾಮಾಗಿ ಆನ್ ಆಗಬಹುದು, ಸೀರಿಯಲ್ ಮಾತ್ರ ಮೂಕ. ಆಗ ಎಸ್‌ಎಂಪಿಎಸ್ ಬದಲಿಸಿದರೆ ಸಾಕು. ನಮ್ಮಲ್ಲಿ ನೀಲಿ ವೈರ್ ಸರಿ ಇತ್ತು, ಮೂರನೇ ಪಿನ್ನಿನಲ್ಲಿ ಮಾತ್ರ ಏನೂ ಇರಲಿಲ್ಲ. ಪೋರ್ಟಿನ ಹಿಂದೆ ಇದ್ದು ಅದರ ಪಿನ್ನಿಗೆ ವೋಲ್ಟೇಜ್ ಕೊಡುವ ಸಣ್ಣ ಡ್ರೈವರ್ ಚಿಪ್ ಸುಟ್ಟಿತ್ತು.

ಸರಿ, ಯಾಕೆ ಸುಟ್ಟಿತು?

ಇದನ್ನು ಬಿಡಿಸಿದ್ದು ನಮ್ಮ ಮಿಲ್ಲಿನ ಮೋಟರ್, ವೈರಿಂಗ್ ಎಲ್ಲಾ ನೋಡುವ ಚಾಚಾ. ಕ್ಯಾಬಿನೆಟ್ ಮುಟ್ಟಿದರೆ ಬೆರಳಿಗೆ ಝುಂ ಅನ್ನುತ್ತದೆ ಅಂತ ಅವರಿಗೆ ಹೇಳಿದ್ದೆ. ಅವರು ಮೀಟರ್ ತಂದು ಕಂಪ್ಯೂಟರಿನ ಪ್ಲಗ್ಗಿನಲ್ಲಿ ನ್ಯೂಟ್ರಲ್‌ಗೂ ಅರ್ಥಿಗೂ ಹಿಡಿದರು. ಎರಡು ಮೂರು ವೋಲ್ಟ್ ಇರಬೇಕಾದ ಕಡೆ ನೂರರ ಹತ್ತಿರ ತೋರಿಸಿತು. ಟೆಸ್ಟ್ ಬಲ್ಬನ್ನು ಫೇಸಿಗೂ ಅರ್ಥಿಗೂ ಕೊಟ್ಟರು, ಹತ್ತಲೇ ಇಲ್ಲ. "ಅರ್ಥಿಂಗ ಸತ್ತೈತಿ. ಕಂಪ್ಯೂಟರ್ ಬ್ಯಾರೆ ತಂದ್ರೂ ಅದೂ ಸಾಯ್ತೈತಿ, ಮೊದ್ಲ ಇದನ್ನ ನೋಡ್ರಿ" ಅಂದರು.

ಇದರ ಹಿಂದಿನ ಲೆಕ್ಕ ಹೀಗಿದೆ. ಎಸ್‌ಎಂಪಿಎಸ್ ಒಳಗೆ ಫೇಸ್ ಮತ್ತು ನ್ಯೂಟ್ರಲ್ ಎರಡರಿಂದಲೂ ಕ್ಯಾಬಿನೆಟ್‌ಗೆ ಒಂದೊಂದು ಸಣ್ಣ ಕೆಪಾಸಿಟರ್ ಇರುತ್ತದೆ. ಅರ್ಥಿಂಗ್ ಸರಿ ಇದ್ದರೆ ಅದರಲ್ಲಿ ಹರಿಯುವ ಚೂರು ಕರೆಂಟ್ ನೆಲಕ್ಕೆ ಹೋಗುತ್ತದೆ. ಅರ್ಥಿಂಗ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಅಂದಾಜು 115 ವೋಲ್ಟ್ ಬಂದು ಕೂರುತ್ತದೆ. ಬೆರಳಿಗೆ ಝುಂ ಅನ್ನುವುದು ಅದೇ. ಆ ಕಡೆ ಇಂಡಿಕೇಟರ್‌ಗೆ ಹಾಸಿನ ಕಡೆಯಿಂದ ಬೇರೆ ಅರ್ಥಿಂಗ್ ಇದೆ. ಈ ಎರಡನ್ನೂ ಜೋಡಿಸಿರುವ ದಾರಿ ಯಾವುದು? ಸೀರಿಯಲ್ ಕೇಬಲ್. ನೆಲಕ್ಕೆ ಹೋಗಬೇಕಾದ ಕರೆಂಟು ಪೋರ್ಟಿನ ಮೂಲಕ ದಾರಿ ಹುಡುಕುತ್ತದೆ. ಕೇಬಲ್ ಹಾಕುವಾಗ ತೆಗೆಯುವಾಗ ಗ್ರೌಂಡ್ ಪಿನ್ನಿಗಿಂತ ಮೊದಲು ಡೇಟಾ ಪಿನ್ ತಾಗಿದರೆ ಆ ಏಟು ನೇರ ಚಿಪ್ಪಿಗೆ. ಸಿಡಿಲು ಹತ್ತಿರದಲ್ಲಿ ಬಿದ್ದಾಗಂತೂ ಕೇಳುವುದೇ ಬೇಡ.

ಅರ್ಥಿಂಗ್ ಗುಂಡಿ ರೂಮಿನ ಹಿಂದೆ ಇತ್ತು. ನಮ್ಮದು ಎರೆ ಭೂಮಿ. ಮಳೆಗಾಲದಲ್ಲಿ ಅಂಟು, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಒಣಗಿದ ಮಣ್ಣು ಪೈಪನ್ನು ಬಿಟ್ಟು ಸರಿದುಕೊಂಡಿತ್ತು. ಇದ್ದಿಲು ಉಪ್ಪು ಹಾಕಿದ ಗುಂಡಿ ಅದು. ಆ ಉಪ್ಪೇ ವೈರ್ ಕಟ್ಟಿದ ಬೋಲ್ಟನ್ನು ತಿಂದು ಪುಡಿ ಮಾಡಿತ್ತು. ಚಾಚಾ ವೈರ್ ಹಿಡಿದು ಎಳೆದರು, ಕೈಗೇ ಬಂತು. ಹೊಸ ಪೈಪ್ ಇಳಿಸಿ, ಹೊಸ ಬೋಲ್ಟ್ ಬಿಗಿದು ಗ್ರೀಸ್ ಬಳಿದರು. ಕಂಪ್ಯೂಟರಿಗೂ ಇಂಡಿಕೇಟರಿಗೂ ಒಂದೇ ಅರ್ಥ್ ಕೊಟ್ಟರು. ಬೇಸಿಗೆಯಲ್ಲಿ ಆ ಗುಂಡಿಗೆ ನೀರು ಹಾಕುವ ಕೆಲಸ ಈಗ ನನ್ನದು. ಮೀಟರಿನಲ್ಲಿ ಈಗ ಎರಡು ವೋಲ್ಟಿಗೂ ಕಮ್ಮಿ ಇದೆ. ಕ್ಯಾಬಿನೆಟ್ ಝುಂ ಅನ್ನುವುದಿಲ್ಲ.

ವೆಲ್ಡಿಂಗ್ ವಿಷಯವನ್ನೂ ಚಾಚಾ ಅವತ್ತೇ ಎತ್ತಿದರು. ಟ್ರಾಲಿಯ ಕೊಕ್ಕೆ ಮುರಿದರೆ ಗಾಡಿ ಹಾಸಿನ ಮೇಲೆ ಇರುವಾಗಲೇ ವೆಲ್ಡಿಂಗ್ ಮಾಡಿಬಿಡೋಣ ಅನ್ನುವವರಿದ್ದಾರೆ. ದಯವಿಟ್ಟು ಬಿಡಬೇಡಿ. ವೆಲ್ಡಿಂಗಿನ ಕರೆಂಟ್ ಲೋಡ್ ಸೆಲ್ ಮೂಲಕ ಹಾಯ್ದರೆ ಸೆಲ್ ಹೋಗುತ್ತದೆ, ಇಂಡಿಕೇಟರ್ ಹೋಗುತ್ತದೆ, ಕೇಬಲ್ ಹಿಡಿದು ಕಂಪ್ಯೂಟರಿನ ತನಕವೂ ಬರಬಹುದು. ಕಿಟಕಿ ಪಕ್ಕ ದೊಡ್ಡ ಅಕ್ಷರದಲ್ಲಿ ಬೋರ್ಡ್ ಬರೆಸಿ ಹಾಕಿದ್ದೇವೆ.

ಇನ್ನು ಸತ್ತ ಪೋರ್ಟಿನ ಬದಲಿಗೆ ಏನು? ಯುಎಸ್‌ಬಿಯಿಂದ ಸೀರಿಯಲ್ ಮಾಡುವ ಕೇಬಲ್ ಎಲ್ಲಾ ಕಡೆ ಸಿಗುತ್ತದೆ. ಅದನ್ನು ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿದರೆ ಎಷ್ಟೋ ಸಲ ಕಾಮ್ ನಂಬರ್ ಬದಲಾಗುತ್ತದೆ. ಯಾರೋ ಗುಡಿಸುವಾಗ ಕಿತ್ತು ಪಕ್ಕಕ್ಕೆ ಹಾಕಿದರೂ ತೂಕ ನಿಲ್ಲುತ್ತದೆ. ನಮ್ಮ ಬೋರ್ಡಿನಲ್ಲಿ ಹೆಚ್ಚಿನ ಕಾರ್ಡ್ ಸಿಕ್ಕಿಸುವ ಪಿಸಿಐ ಸ್ಲಾಟ್ ಖಾಲಿ ಇತ್ತು. ಹಾಗಾಗಿ ಎರಡು ಸೀರಿಯಲ್, ಒಂದು ಪ್ರಿಂಟರ್ ಪೋರ್ಟ್ ಇರುವ ಪಿಸಿಐ ಕಾರ್ಡ್ ತರಿಸಿದೆ. ಸ್ಕ್ರೂ ಹಾಕಿ ಬಿಗಿದ ಮೇಲೆ ಅದನ್ನು ಯಾರೂ ಕದಲಿಸುವುದಿಲ್ಲ.

ಕಾರ್ಡಿನ ಪೋರ್ಟನ್ನು ವಿಂಡೋಸ್ ಕಾಮ್ 3 ಅಂತ ಗುರುತಿಸಿತು. ನಮ್ಮ ಸಾಫ್ಟ್‌ವೇರಿಗೆ ಗೊತ್ತಿರುವುದು ಕಾಮ್ 1, ಕಾಮ್ 2 ಮಾತ್ರ. ಬಯಾಸ್‌ನಲ್ಲಿ ಬೋರ್ಡಿನ ಸತ್ತ ಪೋರ್ಟನ್ನು ಡಿಸೇಬಲ್ ಮಾಡಿ, ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ ಸೆಟ್ಟಿಂಗ್ಸ್, ಅಡ್ವಾನ್ಸ್ಡ್ ಒಳಗೆ ಹೋಗಿ ಕಾರ್ಡಿನದಕ್ಕೆ ಕಾಮ್ 1 ಅಂತ ಹೆಸರು ಕೊಟ್ಟೆ. ಪರದೆ ಮೇಲೆ ತೂಕ ಬಂತು. ಆ ಅಂಕಿ ನೋಡಿ ಆದ ಖುಷಿ ಇಷ್ಟಿಷ್ಟಲ್ಲ.

ಮರುದಿನ ಬೆಳಿಗ್ಗೆ ಮತ್ತೆ ಸೊನ್ನೆ! ಗಡಿಯಾರ ನೋಡಿದರೆ ತಾರೀಖೂ ಎಲ್ಲೋ ಹಿಂದಕ್ಕೆ ಹೋಗಿತ್ತು. ಆಗ ಹೊಳೆಯಿತು. ರಾತ್ರಿ ಮೇನ್ ಆಫ್ ಮಾಡುತ್ತೇವೆ. ಬೋರ್ಡಿನ ಮೇಲಿನ ಸಿಆರ್2032 ಬಟನ್ ಸೆಲ್ ಮುಗಿದಿದೆ. 3 ವೋಲ್ಟ್ ಇರಬೇಕಾದದ್ದು 2ರ ಹತ್ತಿರ ಇಳಿದಿತ್ತು. ಬಯಾಸ್ ತನ್ನ ಹಳೇ ಸೆಟ್ಟಿಂಗಿಗೆ ಮರಳಿ, ಸತ್ತ ಪೋರ್ಟೇ ಮತ್ತೆ ಕಾಮ್ 1 ಅಂತ ಎದ್ದು ಕೂತಿತ್ತು. ಸೆಲ್ ಬದಲಿಸಿ ಬಯಾಸ್‌ನಲ್ಲಿ ಮತ್ತೆ ಒಮ್ಮೆ ಸೆಟ್ ಮಾಡಿದ ಮೇಲೆ ಆ ಕಾಟ ನಿಂತಿತು. ಇದರ ಉಲ್ಟಾ ಕೂಡ ಆಗಬಹುದು. ಕೆಲವು ಬೋರ್ಡುಗಳಲ್ಲಿ ಸೆಲ್ ಹೋದರೆ ಚೆನ್ನಾಗಿರುವ ಪೋರ್ಟೇ ಡಿಸೇಬಲ್ ಆಗಿ ಕೂರುತ್ತದೆ. ಹಳೇ ಕಂಪ್ಯೂಟರಿನಲ್ಲಿ ಯಾವ ಪೋರ್ಟ್ ಹೋದರೂ ತಾರೀಖು ಸರಿ ಇದೆಯಾ ಅಂತ ಒಮ್ಮೆ ನೋಡಿ.

ಪ್ರಿಂಟರ್ ಇನ್ನೂ ಬೋರ್ಡಿನ 25 ಪಿನ್ನಿನ ಪೋರ್ಟಿನಲ್ಲೇ ಓಡುತ್ತಿದೆ. ಅದು ಹೋದರೆ ಕಾರ್ಡಿನಲ್ಲಿರುವುದನ್ನು ಬಳಸಬೇಕು. ಅದಕ್ಕೆ ಎಲ್‌ಪಿಟಿ 1 (ವಿಂಡೋಸ್‌ನಲ್ಲಿ ಪ್ರಿಂಟರ್ ಪೋರ್ಟಿನ ಹೆಸರು) ಅಂತ ಹೆಸರು ಕೊಟ್ಟು ಒಂದು ಚೀಟಿ ಹೊಡೆಸಿ ನೋಡಿದ್ದೇನೆ, ಬಂತು. ಎಲ್ಲಿ ಏನು ಒತ್ತಬೇಕು, ಇಂಡಿಕೇಟರಿನ ಬಾಡ್ ಎಷ್ಟು, ಬಯಾಸ್‌ನಲ್ಲಿ ಯಾವುದು ಆಫ್ ಇರಬೇಕು ಅನ್ನುವುದನ್ನೆಲ್ಲಾ ಒಂದು ಹಾಳೆಯಲ್ಲಿ ಬರೆದು ಕ್ಯಾಬಿನೆಟ್ಟಿನ ಬಾಗಿಲ ಒಳಬದಿಗೆ ಅಂಟಿಸಿದ್ದೇನೆ. ನಾನು ರಜೆಯಲ್ಲಿದ್ದಾಗ ಕೂರುವ ಹುಡುಗನಿಗೆ ಒಂದು ಸಲ ಎಲ್ಲಾ ಕಿತ್ತು ಮತ್ತೆ ಜೋಡಿಸಲು ಹೇಳಿದೆ. ಹಾಳೆ ನೋಡಿಕೊಂಡು ಅವನೇ ಮಾಡಿದ.